ಗುಳಿಗೆ ಕರಗುವಷ್ಟು ಹೊತ್ತು

ಗೋಕಿಲಾಗೆ ಏನಾದರೊಂದು ಒಳ್ಳೆಯದು ಕೈಗೆ ಬಂತೆಂದರೆ ಅದನ್ನು ಅಕ್ಕನಿಗೂ ಕೊಡುವ ತನಕ ಉಂಡ ಅನ್ನ ಅರಗುತ್ತಿರಲಿಲ್ಲ. ಇದು ಚಿಕ್ಕಂದಿನ ರೋಗ. ತಮಿಳು ಸೀಮೆಯ ನೆಗಮಂನಲ್ಲಿ ಕನ್ನಡವಾಡುವ ನೇಕಾರರ ಮನೆ ಅವರದು. ಅಲ್ಲಿನ ಶಾಲೆಯಲ್ಲಿ ಯಾರೋ ಕೊಟ್ಟ ಅರ್ಧ ಕಡಲೆಮಿಠಾಯಿಯನ್ನು ಲಂಗದ ತುದಿಗೆ ಗಂಟು ಹಾಕಿಕೊಂಡು, ಅದು ಬಿಸಿಲಿಗೆ ಕರಗಿ ಲಂಗವೆಲ್ಲ ಅಂಟಾದರೂ ಬಿಡದೆ, ಮಗ್ಗದಲ್ಲಿ ಕೂತಿದ್ದ ಅಕ್ಕನ ಬಾಯಿಗೆ ತುರುಕಿದವಳು ಅವಳು. ಈಗ ಐವತ್ತು ದಾಟಿದೆ. ಸಿಂಗಾನಲ್ಲೂರಿನಲ್ಲಿ ಸ್ವಂತ ಮನೆ, ನೂಲಿನ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿರುವ ಗಂಡ ನಂದಕುಮಾರ್, ಮದುವೆ ಗೊತ್ತಾಗಿರುವ ಮಗಳು ಇಲಕ್ಕಿಯಾ, ಎಲ್ಲ ಇದ್ದರೂ ಆ ರೋಗ ಮಾತ್ರ ಹೋಗಿಲ್ಲ.

ಅಂಥವಳಿಗೆ ಹೈಡ್ರೋಜನ್ ಗುಳಿಗೆ ಸಿಕ್ಕಿದರೆ ಸುಮ್ಮನಿರುತ್ತಾಳೆಯೇ?

ಗುಳಿಗೆಯನ್ನು ಪರಿಚಯ ಮಾಡಿಸಿದವಳು ಎದುರುಮನೆಯ ಸಾಂತಿ. ಒಂದು ಲೋಟ ನೀರಿಗೆ ಒಂದು ಗುಳಿಗೆ ಹಾಕಿದರೆ ಬುಸ್ ಎಂದು ನೊರೆ ಏಳುತ್ತದೆ, ನೀರಿನ ತುಂಬ ಸಣ್ಣ ಸಣ್ಣ ಗುಳ್ಳೆ ಹುಟ್ಟುತ್ತವೆ. ಗ್ಯಾಸು ಹಾರಿಹೋಗುವ ಮೊದಲು ಕುಡಿಯಬೇಕು. ಆಯಾಸ ಹೋಗುತ್ತದೆ, ಕೀಲುನೋವು ಹೋಗುತ್ತದೆ, ವಯಸ್ಸೇ ಹಿಂದಕ್ಕೆ ಹೋಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಗೋಕಿಲಾ ಒಂದು ತಿಂಗಳು ಕುಡಿದಳು, ಮೈ ಹಗುರಾಯಿತು. ಅದೇ ತಿಂಗಳು ಅವಳು ಸಾಂತಿಯ ಜೊತೆ ಬೆಳಗ್ಗೆ ಕೆರೆ ಸುತ್ತಲು ಶುರು ಮಾಡಿದ್ದಳು, ರಾತ್ರಿ ಟಿ.ವಿ. ಮುಂದೆ ಮುರುಕು ತಿನ್ನುವುದನ್ನೂ ಬಿಟ್ಟಿದ್ದಳು. ಆದರೆ ಕೀರ್ತಿಯೆಲ್ಲ ಗುಳಿಗೆಗೇ ಹೋಯಿತು. ಮನುಷ್ಯರ ಸ್ವಭಾವವೇ ಹಾಗೆ, ಪಾಪ, ನಡೆದ ಕಾಲಿಗೆ ಯಾರೂ ಹಾರ ಹಾಕುವುದಿಲ್ಲ.

ಪೊಂಗಲ್ ಹಬ್ಬ ಮುಗಿದ ಮೇಲೆ ಅವಳು ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ನೆಗಮಂಗೆ ಬಸ್ಸು ಹತ್ತಿದಳು.

ಅಕ್ಕ ರುಕ್ಮಣಿ ಅವಳಿಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ಗೋಕಿಲಾ ಇನ್ನೂ ಹಾಲುಹಲ್ಲಿನ ಮಗು. ಅಲ್ಲಿಂದ ಮುಂದೆ ತಲೆ ಬಾಚಿದ್ದು, ತುತ್ತು ಇಟ್ಟಿದ್ದು, ಬೆನ್ನಿಗೆ ಗುದ್ದಿದ್ದು, ಮದುವೆಯ ದಿನ ಕಣ್ಣೀರು ಒರೆಸಿದ್ದು ಎಲ್ಲ ರುಕ್ಮಣಿಯೇ. ಅವಳಿಗೆ ಮಕ್ಕಳಾಗಲಿಲ್ಲ. ಗಂಡ ಕೃಷ್ಣಸಾಮಿ ಮನೆ ಅಳಿಯನಾಗಿ ಬಂದು, ಮಾವನ ಎರಡು ಮಗ್ಗಗಳಲ್ಲಿ ಒಂದಕ್ಕೆ ತಾನು ಕೂತು, ಇನ್ನೊಂದಕ್ಕೆ ಹೆಂಡತಿಯನ್ನು ಕೂರಿಸಿ, ಇಬ್ಬರೂ ಇಂದಿಗೂ ಹತ್ತಿಸೀರೆ ನೇಯುತ್ತಿದ್ದರು. ಈಗ ರುಕ್ಮಣಿಯ ಮಗ್ಗದಲ್ಲಿದ್ದುದು ಇಲಕ್ಕಿಯಾಳ ಸೀರೆ, ನವಿರು ನೂಲಿನದು, ತಿಂಗಳುಗಟ್ಟಲೆ ಹಿಡಿಯುವಂಥದು. ಮದುವೆಯ ಮರುದಿನ ಗಂಡನ ಮನೆಯ ಒಲೆ ಹಚ್ಚುವಾಗ ಈ ಮನೆಯ ಹುಡುಗಿ ಉಡುವುದು ಈ ಮನೆಯ ಮಗ್ಗದ ಸೀರೆಯನ್ನೇ. ಗೋಕಿಲಾಗೆ ಅದನ್ನು ನೇಯ್ದುಕೊಟ್ಟವಳೂ ರುಕ್ಮಣಿ.

"ಬರಿಹೊಟ್ಟೆಗೆ ಕುಡೀಬೇಕು ಅಕ್ಕ. ಕರಗಿದ್ ತಕ್ಷಣ ಕುಡ್ದ್ಬಿಡು, ಇಲ್ಲಾಂದ್ರೆ ಗ್ಯಾಸ್ ಓಡಿಹೋಗ್ತದೆ," ಎಂದಳು ಗೋಕಿಲಾ.

"ಬರಿಹೊಟ್ಟೆಗೆ ತೈರಾಯ್ಡ್ ಮಾತ್ರೆ ಅದೆಯಲ್ಲ ಪುಳ್ಳೆ. ಅದುನ್ನ ಎಲ್ಲಿಗ್ ಹಾಕ್ಲಿ?" ಎಂದಳು ರುಕ್ಮಣಿ. ಐವತ್ತು ದಾಟಿದರೂ ತಂಗಿ ಅವಳಿಗೆ ಪುಳ್ಳೆಯೇ, ಮಗುವೇ.

ಗೋಕಿಲಾ ಯೋಚಿಸಿದಳು. ಬೇರೆ ಮನೆಯಾಗಿದ್ದರೆ ಒಂದನ್ನು ಈಗ, ಇನ್ನೊಂದನ್ನು ಆಮೇಲೆ ಎನ್ನಬಹುದಿತ್ತು. ಈ ಮನೆಯಲ್ಲಿ ಆಮೇಲೆ ಎಂಬುದಿಲ್ಲ. ಗುಂಡಿಮಗ್ಗ ಎಂದರೆ ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಸೂರ್ಯ ಹುಟ್ಟುವ ಮೊದಲು ಮಗ್ಗಕ್ಕೆ ಕೈಮುಗಿದು ಗುಂಡಿಗೆ ಇಳಿದರೆ ಇಡ್ಲಿ ಹೊತ್ತಿನ ತನಕ ಏಳುವ ಹಾಗಿಲ್ಲ. ನಡುವೆ ಎದ್ದು ಬಂದ ಕೈ ಮತ್ತೆ ಕೂತಾಗ ಬೇರೆ ಥರ ಬಡಿಯುತ್ತದೆ, ನೇಯ್ಗೆಯ ಬಿಗಿ ಬದಲಾಗುತ್ತದೆ ಎಂದು ಅಪ್ಪ ಹಾಕಿದ ಕಟ್ಟಳೆ ಅದು. ಅಪ್ಪ ಹೋಗಿ ಎಷ್ಟೋ ಕಾಲವಾಯಿತು, ಕಟ್ಟಳೆ ಮಾತ್ರ ಗುಂಡಿಯ ಪಕ್ಕದಲ್ಲೇ ಕೂತಿದೆ. ನುಂಗುವುದನ್ನೆಲ್ಲ ಇಳಿಯುವ ಮೊದಲೇ ನುಂಗಿ ಮುಗಿಸಬೇಕು.

"ಎರಡೂ ಬರಿಹೊಟ್ಟೆ ಮಾತ್ರೆನೇ ಅಲ್ವಾ? ಈ ನೀರಲ್ಲೇ ಅದನ್ನೂ ನುಂಗ್ಬಿಡು. ಒಂದೇ ಸಲಕ್ಕೆ ಕೆಲ್ಸ ಮುಗೀತದೆ."

ಪಕ್ಕದ ಮಗ್ಗದಲ್ಲಿದ್ದ ಕೃಷ್ಣಸಾಮಿ ಲಾಳಿ ನಿಲ್ಲಿಸಿ, "ನೀರಿಗೆ ಏನೋ ಹಾಕಿ ಕೊನೆಗೆ ನೀರನ್ನೇ ಕುಡಿಯೋದಾ ಅಮ್ಮಣಿ?" ಎಂದು ಕೇಳಿದ.

"ನಿಮಗೆ ಕೊಟ್ಟಿಲ್ಲ ಬಾವ, ನೀವು ಟೀ ಕುಡೀರಿ," ಎಂದಳು ಗೋಕಿಲಾ.

ಡಬ್ಬಿ ಕೊಟ್ಟು ಬಂದರೆ ಮುಗಿಯಿತೇ? ಅಕ್ಕ ಕುಡಿಯುತ್ತಾಳೋ, ಅಟ್ಟದ ಮೇಲೆ ಇಟ್ಟು ಮರೆಯುತ್ತಾಳೋ ಎಂಬ ಅನುಮಾನಕ್ಕೆ ಗೋಕಿಲಾ ದಿನಾ ಬೆಳಗಾಗುವ ಮೊದಲೇ ಫೋನ್ ಮಾಡತೊಡಗಿದಳು. ಹಾಕಿದ್ಯಾ ಅಕ್ಕ, ಹಾಕಿದೆ, ನೊರೆ ಬಂತಾ, ಬಂತು. ಗುಳಿಗೆ ಕರಗುವ ತನಕ ಇಬ್ಬರೂ ಮಾತಾಡುತ್ತಿದ್ದರು. ನಿನ್ನೆ ರಾತ್ರಿ ಏನು ಸಾರು, ನುಗ್ಗೆಮರ ಹೂ ಬಿಟ್ಟಿತೋ, ಇಲಕ್ಕಿಯಾಗೆ ಬಳೆ ಯಾವ ಅಳತೆ, ಬೀಗರ ಮನೆಯ ಅಜ್ಜಿಗೆ ಯಾಕೆ ಅಷ್ಟು ಜಂಬ, ಇಂಥವೇ. ಆಮೇಲೆ ರುಕ್ಮಣಿ, "ಕರಗ್ತು ಪುಳ್ಳೆ, ಕುಡೀತೀನಿ," ಎಂದು ಒಂದೇ ಗುಟುಕಿಗೆ ಕುಡಿದು ಫೋನ್ ಇಡುತ್ತಿದ್ದಳು. ಗೋಕಿಲಾ ನೆಮ್ಮದಿಯಿಂದ ಕೆರೆಗೆ ಹೊರಡುತ್ತಿದ್ದಳು.

ಮೊದಲ ವಾರಗಳಲ್ಲಿ ರುಕ್ಮಣಿಯ ಹೊಟ್ಟೆ ಸಡಿಲವಾಯಿತು. ಜೀವಮಾನದಲ್ಲಿ ನಡುವೆ ಏಳದವಳು ಗುಂಡಿಯಿಂದ ಎದ್ದು ಹಿತ್ತಿಲಿಗೆ ಓಡಬೇಕಾಯಿತು. ಗಂಡ ನಕ್ಕ, ಅವಳು ಲಾಳಿ ಎತ್ತಿ ತೋರಿಸಿದಳು. ಗೋಕಿಲಾ ಗಾಬರಿಯಾಗಿ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು. ಗುಳಿಗೆ ಕುಡಿಯುವವರದೇ ಗುಂಪು ಅದು, ನಡೆಸುವವನು ನವನೀತನ್ ಎಂಬ ಯುವಕ, ಡಾಕ್ಟರಲ್ಲ, ಆದರೆ ಡಾಕ್ಟರಿಗಿಂತ ಧೈರ್ಯವಾಗಿ ಮಾತಾಡುವವನು. ದೇಹದ ಕಸ ಹೋಗುತ್ತಿದೆ, ಸಂತೋಷಪಡಿ, ಎಂದು ಬರೆದು ಎರಡು ಕೈ ಮುಗಿದ ಚಿತ್ರ ಹಾಕಿದ. ಸ್ವಲ್ಪ ದಿನಕ್ಕೆ ಹೊಟ್ಟೆಯೂ ತಾನಾಗಿ ಸರಿಹೋಯಿತು. ಕಸ ಮುಗಿಯಿತೆಂದು ಗೋಕಿಲಾ ಸಂತೋಷಪಟ್ಟಳು.

ಪೊಂಗಲ್ ಆಗಿ ಎರಡು ತಿಂಗಳಿಗೆ, ಮಾಸಿ ತಿಂಗಳು ಕಳೆಯುವ ಹೊತ್ತಿಗೆ, ಫೋನಿನಲ್ಲಿ ಅಕ್ಕನ ದನಿ ಬದಲಾಯಿತು. ಮೊದಲೆಲ್ಲ ಹುರಿಗಡಲೆಯ ಹಾಗೆ ಪಟಪಟ ಮಾತಾಡುತ್ತಿದ್ದವಳು ಈಗ ಒಂದೊಂದೇ ಪದವನ್ನು ಎತ್ತಿ ಇಡುತ್ತಿದ್ದಳು. ಬೈಗುಳವಿಲ್ಲ. ಬೀಗರ ಅಜ್ಜಿಯ ಸುದ್ದಿ ಹೇಳಿದರೂ, "ಇರ್ಲಿ ಬಿಡು, ವಯಸಾದವ್ರು," ಎನ್ನುತ್ತಾಳೆ. ಗೋಕಿಲಾ ಗಂಡನ ಮುಂದೆ ಹೆಮ್ಮೆಯಿಂದ ಹೇಳಿಕೊಂಡಳು: "ನೋಡಿ, ಅಕ್ಕನ ಕೋಪ ಎಷ್ಟ್ ಇಳ್ದದೆ. ಎಲ್ಲಾ ಆ ನೀರಿಂದು."

ಒಂದು ಬೆಳಗ್ಗೆ ರುಕ್ಮಣಿ, "ಒಂಥರಾ ಅಸದಿ ಪುಳ್ಳೆ, ಸುಸ್ತು, ಕೈಕಾಲು ಎತ್ತಕ್ಕಾಗಲ್ಲೆ," ಎಂದಳು. ಗೋಕಿಲಾ ಗುಂಪಿನಲ್ಲಿ ಕೇಳಿದಳು. ಆಯಾಸವೆಂದರೆ ಜೀವಕೋಶಗಳು ಹೊಸದಾಗುತ್ತಿವೆ ಎಂದರ್ಥ, ಎರಡು ಗುಳಿಗೆ ಹಾಕಿ, ಎಂದ ನವನೀತನ್. ಅವಳು ಅಕ್ಕನಿಗೆ ಎರಡು ಹಾಕಲು ಹೇಳಿದಳು. ಹೇಳಿದ್ದು ಪ್ರೀತಿಯಿಂದಲೇ. ಅದೇ ಕಷ್ಟ. ದ್ವೇಷದಿಂದ ಹೇಳಿದ್ದರೆ ರುಕ್ಮಣಿ ಆ ಲೋಟವನ್ನು ಎತ್ತಿ ಅಂಗಳಕ್ಕೆ ಚೆಲ್ಲುತ್ತಿದ್ದಳು.

ಬೇಸಿಗೆಯ ಚಿತ್ತಿರೈ ತಿಂಗಳ ಒಂದು ಭಾನುವಾರ ಗೋಕಿಲಾ ಮಗಳನ್ನು ಕರೆದುಕೊಂಡು ಸೀರೆ ನೋಡಲು ಬಂದಳು. ರಸ್ತೆಯ ಟಾರು ಚಪ್ಪಲಿಗೆ ಅಂಟುವ ಬಿಸಿಲು. ಮನೆಯೊಳಗೆ ಕಾಲಿಟ್ಟರೆ ಒಂದು ಮಗ್ಗದ ಸದ್ದು ಮಾತ್ರ ಕೇಳುತ್ತಿತ್ತು. ಇನ್ನೊಂದು ಮಗ್ಗದ ಪಕ್ಕದಲ್ಲಿ ಬರಿ ನೆಲದ ಮೇಲೆ ರುಕ್ಮಣಿ ಕಂಬಳಿ ಹೊದ್ದು ಮಲಗಿದ್ದಳು.

"ದೊಡ್ಡಮ್ಮಾ," ಎಂದು ಇಲಕ್ಕಿಯಾ ಅಲುಗಿಸಿದಳು.

ರುಕ್ಮಣಿ ನಿಧಾನವಾಗಿ ಕಣ್ಣು ತೆರೆದಳು. ಮುಖ ಊದಿತ್ತು, ರೆಪ್ಪೆಗಳು ಭಾರವಾಗಿದ್ದವು, ಕೆನ್ನೆಯ ಚರ್ಮ ಒಣಗಿ ಬಿಳಿಚಿತ್ತು. "ಬಂದ್ರಾ," ಎಂದಳು, ದನಿ ಗಂಡಸಿನ ದನಿಯ ಹಾಗೆ ಒರಟಾಗಿತ್ತು. ಗೋಕಿಲಾ ಅವಳ ಕೈ ಹಿಡಿದಳು. ಆ ಸೆಕೆಯಲ್ಲೂ ಕೈ ತಣ್ಣಗಿತ್ತು. ಇಷ್ಟು ತಿಂಗಳು ದಿನಾ ಮಾತಾಡಿಯೂ ತಾನು ಈ ಮುಖವನ್ನು ನೋಡಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅವಳಿಗೆ ಭಯವಾಯಿತು, ಅವ್ವ ಹೋದ ಬೆಳಗ್ಗೆ ಆದಂಥ ಭಯ.

ಮಾತು ತಪ್ಪಿಸಲು ಎಂಬಂತೆ ರುಕ್ಮಣಿ ಮಗ್ಗದ ಕಡೆ ಕೈ ತೋರಿಸಿದಳು. ಗೋಕಿಲಾ ನೇಯ್ದ ಬಟ್ಟೆಯ ಸುರುಳಿಯನ್ನು ಬಿಚ್ಚಿದಳು. ಮದುವೆಗೆ ಮುಂಚೆ ಅವಳೂ ಆ ಗುಂಡಿಯಲ್ಲಿ ಕೂತವಳೇ, ಹೆಬ್ಬೆರಳು ಇನ್ನೂ ಮರೆತಿರಲಿಲ್ಲ. ಒಳಗಿನ ಸುತ್ತು, ಮೊದಲು ನೇಯ್ದದ್ದು, ನೀರು ಸೋರದಷ್ಟು ಬಿಗಿ. ಹೊರಗೆ ಬರುಬರುತ್ತಾ ಎಳೆಗಳ ನಡುವೆ ಸಂದು, ಅಲ್ಲಲ್ಲಿ ಅಡ್ಡ ಹೋಗುವ ಹೊಕ್ಕಿನ ನೂಲೇ ತಪ್ಪಿತ್ತು. ಕೊನೆಯ ಗೇಣನ್ನು ಬೆಳಕಿಗೆ ಹಿಡಿದರೆ ಆಚೆ ಕೂತಿದ್ದ ಬಾವ ಕಾಣುತ್ತಿದ್ದ.

"ಬಡಿಯೋ ಹಲಗೆ ಎಳೆಯಕ್ಕೆ ಬಲ ಇಲ್ಲೆ ಅವ್ಳಿಗೆ," ಎಂದ ಕೃಷ್ಣಸಾಮಿ, ತಲೆ ತಗ್ಗಿಸಿಕೊಂಡು. "ವಯಸಾಯ್ತು ಅಂದ್ಕೊಂಡೆ. ಆಸ್ಪತ್ರಿಗ್ ಹೋಗಮಾ ಅಂದ್ರೆ, ಗೋಕಿಲಾ ದಿನಾ ಕೇಳ್ತಾಳೆ, ಮಾತ್ರೆ ಕೊಡ್ತಾ ಅವ್ಳೆ, ಇನ್ಯಾವ ಆಸ್ಪತ್ರಿ ಅಂತಾಳೆ."

ಗೋಕಿಲಾ ಅಕ್ಕನಿಗೆಂದು ತಂದ ಹೊಸ ಡಬ್ಬಿಯನ್ನು ಚೀಲದಿಂದ ತೆಗೆಯಲೇ ಇಲ್ಲ.

ಮರುದಿನ ಪೊಳ್ಳಾಚಿಯಲ್ಲಿ ಒಬ್ಬ ಡಾಕ್ಟರಮ್ಮನ ಮುಂದೆ ಅಕ್ಕತಂಗಿ ಕೂತಿದ್ದರು. ರಕ್ತ ಕೊಟ್ಟು, ಕಾದು, ಫಲಿತಾಂಶ ಬಂದ ಮೇಲೆ ಆಕೆ ಕನ್ನಡಕ ತೆಗೆದು ರುಕ್ಮಣಿಯನ್ನು ನೋಡಿದರು. ತೈರಾಯ್ಡ್ ಮಾತ್ರೆಯನ್ನು ಯಾವಾಗ ನಿಲ್ಲಿಸಿದಿರಿ ಎಂದು ತಮಿಳಿನಲ್ಲಿ ಕೇಳಿದರು.

"ನಿಲ್ಲಿಸಿಲ್ಲ. ಒಂದು ದಿನವೂ ತಪ್ಪಿಸಿಲ್ಲ," ಎಂದಳು ರುಕ್ಮಣಿ.

"ಯಾವುದರ ಜೊತೆ ನುಂಗುತ್ತೀರಿ?"

ಗೋಕಿಲಾ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರು. ಬೈಯುತ್ತಾರೆಂದು ಗೋಕಿಲಾ ಕಾದಳು, ಅವರು ಬೈಯಲಿಲ್ಲ. ಈ ಗುಳಿಗೆಯಲ್ಲಿರುವುದು ಮೆಗ್ನೀಸಿಯಂ, ಅದು ನೀರಿಗೆ ಬಿದ್ದಾಗ ಹೈಡ್ರೋಜನ್ ಗುಳ್ಳೆ ಹುಟ್ಟುತ್ತವೆ, ಎಂದು ಬಿಡಿಸಿ ಹೇಳಿದರು. ಆ ಗ್ಯಾಸಿನಿಂದ ನಿಜವಾಗಿ ಉಪಯೋಗವಿದೆಯೇ ಎಂಬುದು ಇನ್ನೂ ಗಟ್ಟಿಯಾಗಿ ಗೊತ್ತಿಲ್ಲ, ಆಗಿರುವುದೆಲ್ಲ ಸಣ್ಣ ಸಣ್ಣ ಪರೀಕ್ಷೆಗಳು. ಗ್ಯಾಸು ಹಾರಿಹೋಗುತ್ತದೆ, ಮೆಗ್ನೀಸಿಯಂ ಹೊಟ್ಟೆಗೆ ಹೋಗುತ್ತದೆ. ಹೆಚ್ಚಾದರೆ ಭೇದಿ. ಕಿಡ್ನಿ ಸರಿಯಿಲ್ಲದವರಿಗೆ ಅದು ಮೈಯಲ್ಲೇ ಉಳಿದು ಅಪಾಯ. ನಿಮ್ಮ ಪುಣ್ಯ, ನಿಮ್ಮ ಕಿಡ್ನಿ ಚೆನ್ನಾಗಿದೆ. ಆದರೆ ತೈರಾಯ್ಡ್ ಮಾತ್ರೆಯ ಜೊತೆಗೇ ಅದು ಹೋದರೆ, ಆ ಮಾತ್ರೆಯನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎರಡರ ನಡುವೆ ಕಡಿಮೆಯೆಂದರೂ ನಾಲ್ಕು ಗಂಟೆ ಬಿಡಬೇಕಿತ್ತು.

"ಅಂದರೆ ಇಷ್ಟು ದಿನ ಇವರು ಮಾತ್ರೆ ನುಂಗಿಯೂ ನುಂಗದ ಹಾಗೆ ಆಗಿದೆ," ಎಂದರು. "ತೈರಾಯ್ಡ್ ಕಡಿಮೆಯಾದರೆ ಹೊಟ್ಟೆ ಕಟ್ಟುತ್ತದೆ, ಇದು ಸಡಿಲ ಮಾಡುತ್ತದೆ. ಅದಕ್ಕೇ ಗೊತ್ತಾಗಲಿಲ್ಲ. ನಾಡಿ ಬಹಳ ನಿಧಾನ ಇದೆ. ಇನ್ನೂ ಕೆಲವು ತಿಂಗಳು ಬಿಟ್ಟಿದ್ದರೆ ಹೃದಯಕ್ಕೆ ತೊಂದರೆಯಾಗುತ್ತಿತ್ತು. ಈಗ ಬರಿ ನೀರಲ್ಲಿ ನುಂಗಲಿ. ಹಳೆಯ ಸ್ಥಿತಿಗೆ ಬರಲು ಸ್ವಲ್ಪ ವಾರ ಬೇಕು, ಆದರೆ ಬರುತ್ತಾರೆ."

ಬರುತ್ತಾರೆ ಎಂಬ ಮಾತು ಕೇಳಿ ಗೋಕಿಲಾಗೆ ಅಳು ಬಂತು. ಡಾಕ್ಟರಮ್ಮನ ಮುಂದೆ ಅಳಬಾರದೆಂದು ತಡೆದುಕೊಂಡಳು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಆ ಅಳು ಕೋಪವಾಗಿ ಹೊರಗೆ ಬಂತು. ಕೋಪ ತನ್ನ ಮೇಲೇ, ಆದರೆ ಬಾಯಿ ಅಕ್ಕನ ಕಡೆ ತಿರುಗಿತು.

"ನಾ ಮುಟ್ಟಾಳು ಹೇಳ್ದೆ, ಸೆರಿ. ನಿನ್ ಮೈ ನಿನಗೆ ಗೊತ್ತಾಗ್ಲಿಲ್ವಾ ಅಕ್ಕ? ಆ ನೀರು ಕುಡ್ಯಕ್ ಶುರು ಮಾಡಿದ್ ಮೇಲೇನೇ ಹಿಂಗಾಯ್ತು ಅಂತ ಒಂದ್ಸಲನೂ ತೋಚಲಿಲ್ವಾ?"

"ತೋಚ್ತು."

"ಯಾವಾಗ?"

"ಮಾಸೀಲೇ ತೋಚ್ತು. ಇದು ಕುಡಿದ್ರೆ ನಂಗ್ ಆಗಲ್ಲೆ ಅಂತ."

ಗೋಕಿಲಾ ಅಕ್ಕನ ಮುಖ ನೋಡಿದಳು. "ಮತ್ಯಾಕ್ ಕುಡ್ದೆ?"

ರುಕ್ಮಣಿ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ಪದಗಳನ್ನು ಹುಡುಕಲು ಅವಳಿಗೆ ಹೊತ್ತು ಹಿಡಿಯಿತು, ಕಾಯಿಲೆಯ ನಿಧಾನವೋ, ನಾಚಿಕೆಯೋ.

"ಕುಡಿಯಲ್ಲೆ ಅಂದ್ರೆ ನೀ ಯಾಕ್ ಫೋನ್ ಮಾಡ್ತೀಯ?" ಎಂದಳು. "ಕಲ್ಯಾಣ ಆಗಿ ಹೋದವ್ಳು, ಹಬ್ಬಕ್ ಬಂದೆ, ನಲ್ಲದಕ್ ಕೆಟ್ಟದಕ್ ಬಂದೆ. ಬೇರೆ ದಿವ್ಸ ನಿನ್ ಮಾತು ಕೇಳ್ತಿರ್ಲಿಲ್ಲೆ. ಈ ನಾಕು ತಿಂಗ್ಳು ದಿನಾ ಎದ್ದ್ ತಕ್ಷಣ ನಿನ್ ಸದ್ದು. ಅದು ಕರಗೋ ತನಕ ಮಾತಾಡ್ತಿದ್ದೆ. ಒಂದೊಂದ್ ದಿವ್ಸ ಬೇಗ ಕರಗ್ಬಾರ್ದು ಅಂತ ಬಾವೀದು ತಣ್ಣೀರು ಹಾಕ್ತಿದ್ದೆ."

ಬಸ್ಸುಗಳು ಹಾರ್ನ್ ಹೊಡೆದುಕೊಂಡು ತಿರುಗುತ್ತಿದ್ದವು, ಒಬ್ಬ ಮಲ್ಲಿಗೆ ಮಾರುತ್ತಾ ಎರಡು ಸಲ ಎದುರು ಬಂದು ಹೋದ.

"ನೀನೇ ಮಾಡ್ಬೋದಿತ್ತಲ್ಲ ಅಕ್ಕ, ಫೋನು," ಎಂದಳು ಕಡೆಗೆ.

"ಏನಂತ ಮಾಡ್ಲಿ? ಮಾಡಕ್ಕೆ ಒಂದ್ ವಿಷ್ಯ ಬೇಡ್ವಾ?"

ಗೋಕಿಲಾ ಅಕ್ಕನ ತಣ್ಣನೆಯ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟು ತಿಕ್ಕತೊಡಗಿದಳು. ಹತ್ತಬೇಕಾಗಿದ್ದ ನೆಗಮಂ ಬಸ್ಸು ಬಂದು ಹೋಯಿತು. ಇಬ್ಬರೂ ಏಳಲಿಲ್ಲ.

ಇಲಕ್ಕಿಯಾಳನ್ನು ಸಿಂಗಾನಲ್ಲೂರಿಗೆ ಕಳಿಸಿ ಗೋಕಿಲಾ ನೆಗಮಂನಲ್ಲೇ ಉಳಿದಳು. ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದಳು, ಬೇರೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಕುಡಿಯಬೇಡಿ ಎಂದು ಸೇರಿಸಿದಳು. ಟೀ ಆರುವಷ್ಟರಲ್ಲಿ ಅವಳ ಬರಹವೂ ಇರಲಿಲ್ಲ, ಗುಂಪಿನಲ್ಲಿ ಅವಳೂ ಇರಲಿಲ್ಲ. ನವನೀತನ್ ಕೈ ಮುಗಿದ ಚಿತ್ರವನ್ನು ಕೂಡ ಹಾಕಲಿಲ್ಲ. ಕೊನೆಗೆ ಅವಳು ಸಾಂತಿಗೆ, ಗುಂಪಿನಲ್ಲಿ ಪರಿಚಯವಿದ್ದ ಉಳಿದವರಿಗೆ ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿ ಹೇಳಿದಳು.

ದಿನಾ ಬೆಳಗ್ಗೆ ಅವಳೇ ಅಕ್ಕನಿಗೆ ಬರಿ ನೀರಲ್ಲಿ ಮಾತ್ರೆ ನುಂಗಿಸಿ, ಗುಂಡಿಗೆ ತಾನು ಇಳಿದಳು. ಸಡಿಲವಾದ ನೇಯ್ಗೆಯನ್ನು ಕತ್ತರಿಸಿ ಬಿಸಾಡಬೇಕೆಂದು ರುಕ್ಮಣಿ ಹಟ ಹಿಡಿದಳು. ಸೆರಗಿನಿಂದ ಅಷ್ಟು ದೂರದ ನೇಯ್ಗೆ ಉಟ್ಟಾಗ ಒಳಸುತ್ತಿಗೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಕೃಷ್ಣಸಾಮಿ ತೀರ್ಪು ಕೊಟ್ಟ. ತಾನು ಬಲ್ಲೆ ಎಂದು ಹೊರಟ ಗೋಕಿಲಾಳ ಲಾಳಿ ಮೊದಲ ದಿನ ಎರಡು ಸಲ ನೆಲಕ್ಕೆ ಹಾರಿತು. ಪಕ್ಕದಲ್ಲಿ ಕಂಬಳಿ ಹೊದ್ದು ಕೂತ ಅಕ್ಕ ಆಗ ಏನೂ ಅನ್ನಲಿಲ್ಲ. ಮೂರನೆಯ ವಾರ ಲಾಳಿ ಮತ್ತೆ ಹಾರಿದಾಗ ಕಂಬಳಿ ಮೂಲೆ ಸೇರಿತ್ತು. "ಕೈಯಾ ಅದು, ಸೌಟಾ? ಯಾರ್ ಕಲಿಸಿದ್ದು ನಿಂಗೆ?" ಎಂದು ರುಕ್ಮಣಿ ಒಂದೇ ಉಸಿರಿಗೆ ಬೈದಳು. ಅಡುಗೆಮನೆಗೆ ಹೋಗಿ ಗೋಕಿಲಾ ಬೇಕಾದಷ್ಟು ಅತ್ತು, ಮುಖ ತೊಳೆದುಕೊಂಡು ಬಂದಳು. ಇಷ್ಟು ಚೆಂದದ ಬೈಗುಳವನ್ನು ಅವಳು ಬಹಳ ಕಾಲದಿಂದ ಕೇಳಿರಲಿಲ್ಲ.

ಸೀರೆ ಮುಗಿಯಿತು. ರಕ್ತ ಪರೀಕ್ಷೆ ಸರಿಯ ಕಡೆಗೆ ತಿರುಗಿತು. ಮದುವೆಯ ಕೆಲಸಗಳು ಕರೆಯುತ್ತಿದ್ದವು, ಗೋಕಿಲಾ ಊರಿಗೆ ಹೊರಟಳು. ಬಸ್ಸು ಹತ್ತುವಾಗ ಅಕ್ಕನಿಗೆ ಏನೋ ಮಾತು ಕೊಡಬೇಕೆಂದು ಬಾಯಿ ತೆರೆದಳು, ಜನ ನೂಕಿದರು, ಆಗಲಿಲ್ಲ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಅವಳು ಸಿಂಗಾನಲ್ಲೂರಿನ ಮನೆಯ ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚಿದಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ರುಕ್ಮಣಿ ಎತ್ತಿದಳು.

"ಮಾತ್ರೆ ಆಗ್ಲೇ ನುಂಗ್ದೆ ಪುಳ್ಳೆ. ಬರಿ ನೀರಲ್ಲೇ. ನಿನ್ ಬಾವ ಕೊಟ್ರು."

"ನಾ ಅದುನ್ನ ಕೇಳಕ್ ಮಾಡಿಲ್ಲೆ."

"ಮತ್ತೆ? ಏನ್ ವಿಷ್ಯ?"

"ವಿಷ್ಯ ಒಂದೂ ಇಲ್ಲೆ ಅಕ್ಕ."

ಆಚೆ ರುಕ್ಮಣಿ ಗೋಡೆಗೆ ಒರಗಿ ಕಾಲು ಚಾಚಿ ಕೂತ ಸದ್ದು ಕೇಳಿಸಿತು. ಮಗ್ಗಕ್ಕೆ ಇಳಿಯುವ ಹೊತ್ತಾಗಿದೆ ಎಂದು ಕೃಷ್ಣಸಾಮಿ ಕರೆದದ್ದೂ, ಇರಿ ಎಂದು ಅವಳು ಗದರಿದ್ದೂ ಕೇಳಿಸಿತು.

"ಹಂಗಾದ್ರೆ ಸೆರಿ," ಎಂದಳು ರುಕ್ಮಣಿ. "ಹೇಳು."